ಬದನೆ ಪಾತಿಯ ಮೊಟ್ಟೆಗಳು

ಮೊನ್ನೆ ಸವಳಂಗ ರಸ್ತೆಯ ತರಕಾರಿ ಅಂಗಡಿಯೊಂದರಲ್ಲಿ ಟೊಮೆಟೊ ಆರಿಸುತ್ತಿದ್ದೆ. ಪಕ್ಕದಲ್ಲಿ ಪ್ಲಾಸ್ಟಿಕ್ ಹಾಳೆ ಹೊದ್ದ ಬಿಳಿ ಅಣಬೆಗಳು ಸ್ನಾನ ಮಾಡಿಸಿ ಮಲಗಿಸಿದ ಮಕ್ಕಳ ಹಾಗೆ ಸಾಲಾಗಿ ಮಲಗಿದ್ದವು. ಅಂಗಡಿಯಾತ, "ಇವತ್ತೇ ಬಂದಿರೋದು ಮೇಡಂ, ಫ್ರೆಶ್ ಇದೆ" ಎಂದು ಒಂದು ಪೊಟ್ಟಣವನ್ನು ನನ್ನ ಕೈಯಲ್ಲೇ ಇಟ್ಟುಬಿಟ್ಟ. ಕಾದ ಬಾಣಲೆ ಮುಟ್ಟಿದವಳಂತೆ ಕೈ ಎಳೆದುಕೊಂಡೆ. ಪೊಟ್ಟಣ ಈರುಳ್ಳಿ ರಾಶಿಯ ಮೇಲೆ ಬಿತ್ತು. ಜೊತೆಗಿದ್ದ ಮಗಳು, "ಅಮ್ಮಾ, ಅಣಬೆ ಕಚ್ಚಲ್ಲ" ಎಂದು ನಕ್ಕಳು. ಅಂಗಡಿಯಾತನೂ ನಕ್ಕ. ನಾನೂ ನಗಬೇಕಾಯಿತು.

ಕಚ್ಚುವುದಿಲ್ಲ, ನಿಜ. ಆದರೆ ಒಂದು ಅಣಬೆ ಎರಡು ಸಂಸಾರಗಳನ್ನು ಹೇಗೆ ಅಲ್ಲಾಡಿಸಬಲ್ಲದು ಎಂಬುದನ್ನು ತರಕಾರಿ ಅಂಗಡಿಯ ಮುಂದೆ ನಿಂತು ಮಗಳಿಗೆ ವಿವರಿಸುವುದು ಹೇಗೆ? ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ತೊಂಬತ್ತರ ದಶಕದ ಮಾತು. ನಾವಿದ್ದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಪ್ಪನಿಗೆ ಕುಲುಮೆಯ ಮುಂದೆ ಕೆಲಸ. ನಾನು ದಿನಾ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಹೋಗಿ ಬಿ.ಎಸ್ಸಿ. ಓದುತ್ತಿದ್ದೆ. ವಿಷಯ ಬಾಟನಿ, ಜುವಾಲಜಿ, ಕೆಮಿಸ್ಟ್ರಿ. ಶಿಲೀಂಧ್ರದ ಪಾಠದಲ್ಲಿ ಕ್ಲಾಸಿಗೇ ಹೆಚ್ಚು ಅಂಕ ನನ್ನದು ಎಂಬ ಜಂಬ ಬೇರೆ. ಆದರೆ ನಾನು ಕಣ್ಣಾರೆ ಕಂಡ ಶಿಲೀಂಧ್ರಗಳೆಂದರೆ ಹಳಸಿದ ಬ್ರೆಡ್ಡಿನ ಮೇಲಿನ ಬೂಷ್ಟು ಮತ್ತು ಲ್ಯಾಬಿನ ಗಾಜಿನ ಭರಣಿಯಲ್ಲಿ ಫಾರ್ಮಲಿನ್ ಕುಡಿದು ಬಣ್ಣಗೆಟ್ಟ ಒಂದು ಅಣಬೆ, ಎರಡೇ. ಮನೆಯಲ್ಲಿ ನೋಡೋಣವೆಂದರೆ ನಮ್ಮದು ಲಿಂಗ ಕಟ್ಟಿದವರ ಮನೆ. "ಬೇಯುವಾಗ ಬರೋ ವಾಸನೆ ಸರಿಯಿಲ್ಲ, ತಿನ್ನುವಾಗ ಬರೋ ರುಚಿ ಅದಕ್ಕಿಂತ ಸರಿಯಿಲ್ಲ" ಎಂದು ಅಜ್ಜಿ ಅಣಬೆಯನ್ನು ಹೊಸ್ತಿಲ ಆಚೆಗೇ ನಿಲ್ಲಿಸಿದ್ದಳು. ರುಚಿ ಅವಳಿಗೆ ಹೇಗೆ ಗೊತ್ತಾಯಿತೆಂದು ಯಾರೂ ಕೇಳಿರಲಿಲ್ಲ. ಹೀಗಾಗಿ ನೆಲದಿಂದ ಎದ್ದು ಕೊಡೆ ಹಿಡಿದದ್ದೆಲ್ಲ ನಮಗೆ ನಾಯಿಕೊಡೆ. ಕೊಡೆ ಹಿಡಿಯದ್ದು ಅಣಬೆಯೇ ಅಲ್ಲ.

ಕ್ವಾರ್ಟರ್ಸಿನ ಹಿತ್ತಲಲ್ಲಿ ಅಪ್ಪನ ತರಕಾರಿ ತೋಟವಿತ್ತು. ಕರಗಿದ ಕಬ್ಬಿಣದ ಮುಂದೆ ಪಾಳಿ ಮುಗಿಸಿ ಬಂದ ಮನುಷ್ಯ ಬದನೆ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಎಲೆ ಮಗುಚಿ ಹುಳ ಹುಡುಕುವುದನ್ನು ನೋಡಿದರೆ, ಮಗುವಿನ ತಲೆಯಲ್ಲಿ ಹೇನು ನೋಡುವವರ ನೆನಪಾಗುತ್ತಿತ್ತು. ಆ ವರ್ಷ ಮಲವಗೊಪ್ಪದ ಕಡೆಯ ಒಂದು ಸಾಮಿಲ್ಲಿನಿಂದ ಕೊಳೆತ ಮರದ ಹೊಟ್ಟನ್ನು ಮೂಟೆಗಟ್ಟಲೆ ತಂದು ಪಾತಿಗಳಿಗೆ ಹೊದಿಸಿದ್ದ. "ಬೇಸಿಗೇಲಿ ತಂಪಿರತ್ತೆ, ಮಳೇಲಿ ಗೊಬ್ಬರ ಆಗತ್ತೆ" ಎಂಬುದು ಅವನ ಲೆಕ್ಕ. ಅದರಲ್ಲಿ ಇನ್ನೂ ಏನೇನು ಆಗುತ್ತದೆಂದು ಸಾಮಿಲ್ಲಿನವರೂ ಹೇಳಿರಲಿಲ್ಲ.

ಅದೇ ಮಳೆಗಾಲ ನನ್ನ ಅಕ್ಕ ಸುಮಾ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳನ್ನು ಕೊಟ್ಟಿದ್ದು ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯವರ ಮನೆಗೆ. ಮೊದಲ ಬಸಿರು ಐದನೇ ತಿಂಗಳಲ್ಲೇ ನಿಲ್ಲದೆ ಹೋಗಿತ್ತು. ಹಾಗಾಗಿ ಈ ಸಲ ಎಲ್ಲರೂ ಅವಳನ್ನು ಗಾಜಿನ ಬಳೆಯಂತೆ ನೋಡಿಕೊಳ್ಳುತ್ತಿದ್ದರು. ಅವಳ ಅತ್ತೆ ಸರ್ವಮಂಗಳಮ್ಮನವರಂತೂ ಕಳಿಸುವಾಗ ಅಮ್ಮನಿಗೆ ನೂರೆಂಟು ಎಚ್ಚರಿಕೆ ಹೇಳಿದ್ದರು. ಆಕೆ ನಗುವುದನ್ನು ನಾವು ಮದುವೆಯ ಫೋಟೋದಲ್ಲೂ ಕಂಡಿರಲಿಲ್ಲ. ಅವರ ಯಜಮಾನರು ಇನ್ನೂ ಒಂದು ಕೈ ಮಿಗಿಲು. ಗಲ್ಲಾದ ಹಿಂದೆ ಕೂತರೆ ಗಿರಾಕಿ ಕೇಳಿದ್ದಕ್ಕೆ ಉತ್ತರ, ಅಷ್ಟೇ. ಗಂಡ ಹೆಂಡತಿ ಪರಸ್ಪರ ಮಾತಾಡಿದ್ದನ್ನು ಮದುವೆಯಾಗಿ ಇಷ್ಟು ದಿನಕ್ಕೂ ತಾನು ಕೇಳಿಲ್ಲ ಎಂದು ಅಕ್ಕ ಹೇಳುತ್ತಿದ್ದಳು. "ಊಟಕ್ಕೆ ಬರೋಕೆ ಹೇಳು" ಎಂಬುದೂ ಮಗನ ಮೂಲಕವೇ ಹೋಗಬೇಕಂತೆ.

ಒಂದು ಬೆಳಿಗ್ಗೆ ಅಪ್ಪ ಬದನೆ ಪಾತಿಗೆ ಗುದ್ದಲಿ ಹಾಕಿದ. ಪಚಕ್ ಎಂದಿತು. ನಾನು ಬಟ್ಟೆ ಒಗೆಯುತ್ತಿದ್ದೆ. ಅಪ್ಪ ಗುದ್ದಲಿ ಎತ್ತಲಿಲ್ಲ, ಹಾಗೇ ಬಗ್ಗಿ ನಿಂತುಬಿಟ್ಟ. ಹತ್ತಿರ ಹೋಗಿ ನೋಡಿದರೆ ಹೊಟ್ಟಿನ ನಡುವೆ ಒಂದು ಬಿಳಿ ಮೊಟ್ಟೆ ಒಡೆದಿತ್ತು. ಕೋಳಿಮೊಟ್ಟೆಗಿಂತ ಸಣ್ಣದು, ಸಿಪ್ಪೆ ಮೆತ್ತಗೆ ಚರ್ಮದ ಹಾಗೆ. ಒಳಗಿನಿಂದ ಲೋಳೆ ಹರಿದಿತ್ತು. ಲೋಳೆಯ ನಡುವೆ ಹಸಿರು ಹಸಿರಾಗಿ, ಮಡಚಿಕೊಂಡು, ಏನೋ. ಅಪ್ಪ ಬೆರಳಿನಿಂದ ಹೊಟ್ಟು ಸರಿಸಿದ. ಪಕ್ಕದಲ್ಲಿ ಇನ್ನಷ್ಟು ಮೊಟ್ಟೆಗಳಿದ್ದವು.

ಬೇಲಿಯಾಚೆಯ ಸೆಲ್ವಿಯಕ್ಕ ಕತ್ತು ಚಾಚಿ ನೋಡಿದವಳೇ, "ಅಯ್ಯೋ ಅಣ್ಣಾ, ಪಾಂಬು ಮುಟ್ಟೆ! ಹಾವಿಂದು ಮೊಟ್ಟೆ! ಒಡ್ದುಬಿಟ್ರಾ? ಬಸುರಿ ಹೆಂಗ್ಸು ಇರೋ ಮನೇಲಿ..." ಎಂದು ಬಾಯಿ ಮುಚ್ಚಿಕೊಂಡಳು. ಮುಚ್ಚಿಕೊಳ್ಳುವಷ್ಟರಲ್ಲಿ ತಡವಾಗಿತ್ತು. ಹಿತ್ತಲ ಬಾಗಿಲಲ್ಲಿ ಅಕ್ಕ ನಿಂತಿದ್ದಳು.

ನಾನಿದ್ದೇನಲ್ಲ, ವಿಜ್ಞಾನದ ವಿದ್ಯಾರ್ಥಿನಿ! ಧೈರ್ಯ ತುಂಬುವುದು ನನ್ನ ಕರ್ತವ್ಯವೆನಿಸಿತು. ಒಂದು ಕಡ್ಡಿಯಿಂದ ಮೊಟ್ಟೆಯನ್ನು ಹೊರಳಿಸಿ, ಗಂಭೀರವಾಗಿ ಪರಿಶೀಲಿಸಿ, "ನಾಗರಹಾವಿಂದಲ್ಲಪ್ಪ. ಕೇರೆ ಹಾವಿನ ಮೊಟ್ಟೆ ಇದು" ಎಂದು ತೀರ್ಪು ಕೊಟ್ಟೆ. ಬುಡದಲ್ಲಿ ಬಿಳಿ ದಾರದಂಥದ್ದೇನೋ ಅಂಟಿಕೊಂಡಿದ್ದು ಕಾಣಿಸಿತ್ತು. ಅದನ್ನು ಕಸವೆಂದು ಕಡ್ಡಿಯಿಂದಲೇ ಕಿತ್ತು ಎಸೆದೆ.

"ಯಾವ್ ಹಾವಾದ್ರೇನೆ?" ಎಂದಳು ಅಮ್ಮ. "ಹೊಟ್ಟೇಲಿರೋದು ಹೊಟ್ಟೇಲಿರೋದೇ ಅಲ್ವಾ?"

ಅಪ್ಪ ಶಾಸ್ತ್ರ, ಭವಿಷ್ಯ ಯಾವುದನ್ನೂ ನಂಬುವವನಲ್ಲ. ಅಮಾವಾಸ್ಯೆಯಂದೇ ಹೊಸ ಸೈಕಲ್ ತಂದ ಮನುಷ್ಯ. ಆದರೆ ಆ ಬೆಳಿಗ್ಗೆ ಅವನ ಮುಖ ನೋಡಲಾಗಲಿಲ್ಲ. ಒಡೆದದ್ದನ್ನು ಮಣ್ಣಲ್ಲಿ ಮುಚ್ಚಿದ. ಉಳಿದವುಗಳನ್ನು ಕಾಗೆ ನಾಯಿ ಮುಟ್ಟದಿರಲೆಂದು ಅವುಗಳ ಮೇಲೆ ಬಿದಿರು ಬುಟ್ಟಿ ಕವುಚಿ ಕಲ್ಲಿಟ್ಟ. ತಾಯಿ ಹಾವು ಬಂದರೆ ದಾರಿಯಿರಲೆಂದು ಬುಟ್ಟಿಯ ಒಂದು ಬದಿ ಎತ್ತರಿಸಿದ. ಆಮೇಲೆ ತಿಂಡಿಗೆ ಬರಲಿಲ್ಲ, ಊಟಕ್ಕೂ ಬರಲಿಲ್ಲ.

ಮಧ್ಯಾಹ್ನ ಅಕ್ಕ ನನ್ನನ್ನು ಕರೆದು, ಮೆಲ್ಲಗೆ, "ಒದೀತಾ ಇಲ್ಲ ಕಣೆ" ಎಂದಳು.

"ಏನು?"

"ಬೆಳಿಗ್ಗೆಯಿಂದ ಒದ್ದೇ ಇಲ್ಲ."

ನನ್ನ ಕೈ ತೆಗೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಕೈಯ ಕೆಳಗೆ ಏನೂ ಅಲ್ಲಾಡಲಿಲ್ಲ. ಅಷ್ಟು ಓದಿದವಳು ಎದ್ದು ಅಪ್ಪನನ್ನು ಕೂಗಿದೆ. ಅಪ್ಪ ಅಂಗಿ ಗುಂಡಿಯನ್ನು ಅಡ್ಡಾದಿಡ್ಡಿ ಹಾಕಿಕೊಂಡು ಓಡಿ ಆಟೋ ತಂದ. ಡಾಕ್ಟರಮ್ಮ ಹೊಟ್ಟೆಗೆ ಕೊಳವೆ ಇಟ್ಟು ಆಲಿಸಿದರು. ಆಲಿಸುತ್ತಲೇ ಇದ್ದರು. ನಾವೆಲ್ಲ ಅವರ ಹುಬ್ಬನ್ನೇ ನೋಡುತ್ತಿದ್ದೆವು. ಕೊನೆಗೆ, "ಕುದುರೆ ಓಡ್ದಂಗೆ ಓಡ್ತಿದೆ ಹೃದಯ. ಏನೂ ಆಗಿಲ್ಲ. ಇವಳೇ ಹೆದರಿ ಬಿಗಿಯಾಗಿದಾಳೆ. ಊಟ ಮಾಡಿಸಿ, ಮಲಗಿಸಿ" ಎಂದರು. ಅಮ್ಮ ಅಲ್ಲೇ ಗೋಡೆಗೊರಗಿ ಕೂತುಬಿಟ್ಟಳು. ಅಕ್ಕ ಮಾತ್ರ ನಂಬಲಿಲ್ಲ. ಮನೆಗೆ ಬಂದ ಮೇಲೂ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ.

ಸುದ್ದಿಗೆ ಕಾಲಿರುವುದಿಲ್ಲ, ಟೆಲಿಫೋನಿರುತ್ತದೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಸರ್ವಮಂಗಳಮ್ಮನವರು ಬಂದಿಳಿದರು. ಚಪ್ಪಲಿ ಬಿಡುವ ಮೊದಲೇ, "ಸುಮನ ಬಟ್ಟೆ ಕಟ್ಟಿ. ಕರ್ಕೊಂಡು ಹೋಗ್ತೀನಿ" ಎಂದರು. ಅಕ್ಕ ಅಮ್ಮನ ಸೆರಗು ಹಿಡಿದುಕೊಂಡಳು.

"ಅಕ್ಕಾವ್ರೇ, ಒಳಗ್ ಬನ್ನಿ, ಒಂದ್ಲೋಟ ಕಾಫಿ..." ಎಂದಳು ಅಮ್ಮ.

"ಮೊದ್ಲು ಜಾಗ ತೋರ್ಸಿ."

ಹಿತ್ತಲಿಗೆ ಹೋದರೆ, ಅಬ್ಬ, ಆ ವಾಸನೆ! ಇಲಿ ಸತ್ತು ಮೂರು ದಿನವಾದ ಮೇಲೆ ಅದರ ನೆಂಟರೂ ಸತ್ತಂತೆ. ಬುಟ್ಟಿಯ ಸುತ್ತ ನೊಣಗಳು ಗುಂಯ್‌ಗುಡುತ್ತಿದ್ದವು. "ತಾಯಿ ಬಂದು ಸತ್ತಿದೆ" ಎಂದು ಅಮ್ಮ ಪಿಸುಗುಟ್ಟಿದಳು. ಅಪ್ಪ ಕೋಲಿನ ತುದಿಯಿಂದ ಬುಟ್ಟಿಯನ್ನು ಮಗುಚಿದ.

ಅಲ್ಲಿ ಹಾವಿರಲಿಲ್ಲ. ಗೇಣುದ್ದದ ಬಿಳಿ ಕಂಬವೊಂದು ನಿಗುರಿ ನಿಂತಿತ್ತು. ತಲೆಯ ಮೇಲೆ ಹಸಿರುಗಪ್ಪು ಲೋಳೆಯ ಟೋಪಿ. ಟೋಪಿಯ ಕೆಳಗಿನಿಂದ ನೆಲದವರೆಗೆ ಇಳಿಬಿದ್ದ ಬಿಳಿ ಬಲೆಯ ಲಂಗ. ಆ ಹೆಣೆಗೆಯ ನಯವನ್ನು ಏನು ಹೇಳಲಿ, ಯಾವ ಕ್ರೋಷಾ ಕಡ್ಡಿಗೂ ಬಾರದು. ಆದರೆ ಲಂಗವನ್ನು ಬಿಟ್ಟು ಉಳಿದ ಆಕಾರ... ಹೆಂಗಸರ ನಡುವೆ ಬೆಳಗಿನ ಹೊತ್ತು ನೋಡುವಂಥದ್ದಾಗಿರಲಿಲ್ಲ. ನಾವು ಬಾಯಿ ತೆರೆದು ನಿಂತಿದ್ದಂತೆಯೇ ಪಕ್ಕದ ಇನ್ನೊಂದು ಮೊಟ್ಟೆ ನೆತ್ತಿಯಲ್ಲಿ ಬಿರಿದು, ಒಳಗಿನದು ಕಣ್ಣಿಗೆ ಕಾಣುವಂತೆ ಮೇಲೇಳತೊಡಗಿತು. ಅಪ್ಪ ಕೆಂಪಾಗಿ ಬುಟ್ಟಿಯನ್ನು ತಟ್ಟನೆ ಮತ್ತೆ ಕವುಚಿದ. ಹಾವಿಗೆ ಹೆದರಿ ಮುಚ್ಚಿದ್ದ ಬುಟ್ಟಿಯನ್ನು ಈಗ ಮಾನಕ್ಕೆ ಹೆದರಿ ಮುಚ್ಚಬೇಕಾಯಿತು.

"ಶಿವನೇ!" ಎಂದರು ಸರ್ವಮಂಗಳಮ್ಮ. ಮೂಗಿಗೆ ಹಿಡಿದಿದ್ದ ಸೆರಗು ಕಣ್ಣಿನವರೆಗೂ ಹೋಯಿತು. ಬೇಲಿಯಾಚೆ ಸೆಲ್ವಿಯಕ್ಕ ಕಿಸಕ್ಕೆಂದಳು. ನನಗೂ ನಗು ಒತ್ತರಿಸಿ ಬರುತ್ತಿತ್ತು. ಆದರೆ ಅಕ್ಕನ ಮುಖ ಸುಣ್ಣ ಬಳಿದಂತಾಗಿತ್ತು.

"ಹಾವಲ್ಲ ಅತ್ತೆ, ಯಾವ್ದೋ ಅಣಬೆ ಇರ್ಬೇಕು" ಎಂದೆ.

"ನಿನ್ನೆ ಕೇರೆ ಹಾವು ಅಂದ್ಯಂತೆ?"

ಅಮ್ಮ ಫೋನಿನಲ್ಲಿ ಎಲ್ಲವನ್ನೂ ವರದಿ ಮಾಡಿದ್ದಳು.

"ಅಲ್ಲ ಬೀಗ್ರೇ," ಎಂದು ಆಕೆ ಅಪ್ಪನ ಕಡೆ ತಿರುಗಿದರು, "ಅಣಬೆ ಯಾವತ್ತಾದ್ರೂ ಮೊಟ್ಟೆ ಒಡ್ಕೊಂಡು ಬರತ್ತಾ? ಬಲ್ಲೋರು ಬಂದು ಹೇಳ್ಲಿ. ಇಲ್ಲಾಂದ್ರೆ ಸಂಜೆ ಬಸ್ಸಿಗೆ ನನ್ ಸೊಸೇನ ಕರ್ಕೊಂಡು ಹೋಗೋಳೇ."

ಅಪ್ಪ ಒಳಗೆ ಹೋಗಿ ತನ್ನ ಪಾಳಿಯ ಊಟದ ಕ್ಯಾರಿಯರ್ ತಂದ. ಅಮ್ಮ ಬೇಡ ಬೇಡ ಎನ್ನುತ್ತಿದ್ದರೂ ಅರಳಿದ್ದೊಂದನ್ನೂ ಅರಳದ ಮೊಟ್ಟೆಯೊಂದನ್ನೂ ಬುಡದ ಮಣ್ಣು ಸಮೇತ ಎತ್ತಿ ಅದರೊಳಗಿಟ್ಟ. "ನಡಿ ನಿನ್ ಕಾಲೇಜಿಗೆ" ಎಂದ.

ಶಿವಮೊಗ್ಗದ ಬಸ್ಸಿನಲ್ಲಿ ಆ ದಿನ ನಡೆದದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಬಸ್ಸು ಊರು ದಾಟುವ ಮೊದಲೇ ಮುಂದಿನ ಸೀಟಿನ ಅಜ್ಜಿ ಕಾಲೆತ್ತಿ ಚಪ್ಪಲಿಯ ಅಡಿ ನೋಡಿಕೊಂಡಳು. ಪಕ್ಕದವರೂ ನೋಡಿಕೊಂಡರು. ಬಸ್ಸಿಡೀ ಒಬ್ಬೊಬ್ಬರಾಗಿ ಕಾಲೆತ್ತಿದರು. ನಾನೂ ಎತ್ತಿ, ಏನೂ ಅರಿಯದವಳಂತೆ ನೋಡಿಕೊಂಡೆ. ಕಂಡಕ್ಟರ್ ಮೂಗು ಹಿಡಿದುಕೊಂಡು, "ಯಾರ್ರೀ ಅದು, ಹೆಣ ತುಂಬ್ಕೊಂಡು ಬಂದಿರೋರು?" ಎಂದು ಕೂಗಿದ.

ಅಪ್ಪ ಎದ್ದು ನಿಂತ. "ನಂದು ಕಣಪ್ಪ."

"ಏನ್ ಯಜಮಾನ್ರೇ ಅದ್ರಲ್ಲಿ?"

"ಅದ್ನೇ ಕೇಳೋಕ್ ಹೋಗ್ತಿದೀವಿ" ಎಂದ ಅಪ್ಪ, ಪೂರ್ತಿ ಪ್ರಾಮಾಣಿಕವಾಗಿ.

ಮಲವಗೊಪ್ಪದಲ್ಲಿ ನಮ್ಮನ್ನು ಇಳಿಸಿದರು. ಅಪ್ಪ ಕ್ಯಾರಿಯರನ್ನು ಎದೆಗೆ ಹಿಡಿದು ರಸ್ತೆಯ ಬದಿಯಲ್ಲಿ ನಡೆಯತೊಡಗಿದ. ಕೊನೆಗೆ ಹುಲ್ಲು ತುಂಬಿದ ಲಾರಿಯೊಂದು ಹತ್ತಿಸಿಕೊಂಡಿತು. ಗಾಳಿಯಲ್ಲಿ ಹುಲ್ಲಿನ ಮೇಲೆ ಕೂತಿದ್ದಾಗ ಅಪ್ಪ ಒಮ್ಮೆ ಮಾತ್ರ ಬಾಯಿ ಬಿಟ್ಟ. "ಹಾವೇ ಆಗಿದ್ರೆ ಏನ್ ಮಾಡೋದು ಪುಟ್ಟೀ?" ಕುಲುಮೆಯ ಬೆಂಕಿಯ ಮುಂದೆ ನಿಲ್ಲುವ ಅಪ್ಪ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಂದು ಬಸ್ಸಿನ ಅವಮಾನವಾಗಲೀ ವಾಸನೆಯಾಗಲೀ ನನ್ನನ್ನು ಅಷ್ಟು ಅಲುಗಿಸಲಿಲ್ಲ.

ನಮ್ಮ ಬಾಟನಿ ಲಲಿತಾ ಮೇಡಂ ಎಂದರೆ ಇಡೀ ಕಾಲೇಜಿಗೇ ನಡುಕ. ಅವರು ನಕ್ಕರೆ ಪರೀಕ್ಷೆ ಕಠಿಣವಿದೆ ಎಂದರ್ಥ. ಲ್ಯಾಬಿನ ಮೇಜಿನ ಮೇಲೆ ಕ್ಯಾರಿಯರಿಟ್ಟು ಮುಚ್ಚಳ ತೆಗೆದೆ. ಮೇಡಂ ಬಗ್ಗಿ ನೋಡಿದರು. ಆಮೇಲೆ ಅವರ ಬಾಯಿಂದ ಬಂದದ್ದು, ನಂಬಿದರೆ ನಂಬಿ, ಒಂದು ಕೇಕೆ.

"ಎಲ್ಲಿ ಸಿಕ್ತೇ ಇದು? ಇಷ್ಟು ವರ್ಷ ಪಾಠ ಮಾಡಿದೀನಿ, ಒಂದ್ಸಲಾನೂ ಕಣ್ಣಾರೆ ನೋಡಿರ್ಲಿಲ್ಲ!" ಎಂದವರೇ ಬೀರುವಿನಿಂದ ದಪ್ಪ ಪುಸ್ತಕ ಎಳೆದು ಚಿತ್ರ ತೋರಿಸಿದರು. ಅದೇ ಕಂಬ, ಅದೇ ಟೋಪಿ, ಅದೇ ಲಂಗ. "ಅಣಬೆ ಇದು. ಕೊಳೆತ ಮರದ ಹೊಟ್ಟಲ್ಲಿ ಬರತ್ತೆ. ಮೊದ್ಲು ಮೊಟ್ಟೆ ಥರಾನೇ ಇರತ್ತೆ. ವಾಸನೆ ನೊಣಗಳನ್ನ ಕರೆಯೋಕೆ. ಬೀಜದಂಥ ಪುಡಿ ಅವುಗಳ ಕಾಲಿಗಂಟಿ ಊರೂರು ತಿರುಗತ್ತೆ."

ಅಪ್ಪ ಚಿತ್ರದ ಕೆಳಗಿನ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟ. "ಹೆಸರೇನಂತೆ ಮೇಡಂ? ಅರ್ಥ ಏನು?"

ಮೇಡಂ ಸೆರಗು ಸರಿಮಾಡಿಕೊಂಡರು. "ಅದು ಲ್ಯಾಟಿನ್ ಸರ್. ಅರ್ಥ ಅಷ್ಟು ಮುಖ್ಯ ಅಲ್ಲ." ಆ ಅರ್ಥವನ್ನು ನಾನು ಆಮೇಲೆ ಲೈಬ್ರರಿಯಲ್ಲಿ ಹುಡುಕಿ ಓದಿದೆ. ಹೆಸರಿಟ್ಟ ಪುಣ್ಯಾತ್ಮ ನಮ್ಮ ಬುಟ್ಟಿಯ ಮುಂದೆ ನಿಂತವರಿಗಿಂತ ಬೇರೆ ಏನನ್ನೂ ಯೋಚಿಸಿರಲಿಲ್ಲ ಎಂದಷ್ಟೇ ಹೇಳಬಲ್ಲೆ.

"ಹಂಗಾದ್ರೆ ನಾನು ಯಾವ ಮರೀನೂ ಕೊಂದಿಲ್ಲ?" ಎಂದ ಅಪ್ಪ.

ಆಗ ಮೇಡಂ ಅವನ ಮುಖವನ್ನು ಸರಿಯಾಗಿ ನೋಡಿದರು. ಕ್ಯಾರಿಯರಿನಿಂದ ಮೊಟ್ಟೆಯನ್ನೆತ್ತಿ ಬುಡ ತೋರಿಸಿದರು. ಬಿಳಿ ದಾರ ಜೋತಾಡುತ್ತಿತ್ತು. "ನೋಡಿ ಸರ್, ಬೇರಿನ ಥರ ಇದೆ. ಹಾವಿನ ಮೊಟ್ಟೆಗೆ ಬೇರಿರತ್ತಾ?" ಎಂದವರು ನನ್ನ ಕಡೆ ತಿರುಗಿ, "ನೀನು ನೋಡ್ಲಿಲ್ವಾ?" ಎಂದರು. ಕಸವೆಂದು ಕಿತ್ತೆಸೆದೆ ಎಂದು ಯಾವ ಬಾಯಲ್ಲಿ ಹೇಳಲಿ? ಅಪ್ಪ ಲ್ಯಾಬಿನ ನಲ್ಲಿಗೆ ಬೊಗಸೆಯೊಡ್ಡಿ ನೀರು ಕುಡಿದ. ಕುಡಿದೇ ಕುಡಿದ. ಹಿಂದಿನ ದಿನದಿಂದ ಅವನ ಗಂಟಲಿಗೆ ಇಳಿದ ಮೊದಲ ನೀರು ಅದೇ ಇರಬೇಕು.

ಬೀಗಿತ್ತಿಯ ವಿಷಯ ಹೇಳಿದೆವು. "ನಾನೇ ಬರ್ತೀನಿ" ಎಂದರು ಮೇಡಂ. ನಮ್ಮ ಮೇಲಿನ ಕನಿಕರಕ್ಕಿಂತ, ಇನ್ನೊಂದು ಮೊಟ್ಟೆ ಬಿರಿಯುವುದನ್ನು ನೋಡುವ ಆಸೆಯೇ ಅವರಿಗೆ ಹೆಚ್ಚಿತ್ತು ಎಂದು ನನ್ನ ಅನುಮಾನ. ಅರಳಿದ್ದನ್ನು ಕಾಲೇಜಿನ ಭರಣಿಗೆ ಸೇರಿಸಿದ್ದರಿಂದ ವಾಪಸು ಬಸ್ಸಿನಲ್ಲಿ ಯಾರೂ ಕಾಲೆತ್ತಲಿಲ್ಲ.

ಸರ್ವಮಂಗಳಮ್ಮನವರು ಜಗಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಅಕ್ಕನ ಬ್ಯಾಗು ಕಟ್ಟಿ ಸಿದ್ಧವಾಗಿತ್ತು. ಮೇಡಂ ಪರಿಚಯ, ಕಾಫಿ ಯಾವುದಕ್ಕೂ ನಿಲ್ಲದೆ ಬದನೆ ಪಾತಿಯಲ್ಲಿ ಕೂತರು. ಒಂದು ಮೊಟ್ಟೆಯನ್ನು ದಾರ ಸಮೇತ ಬಿಡಿಸಿ, ಅಮ್ಮನ ತರಕಾರಿ ಚಾಕುವಿನಿಂದ ನೇರವಾಗಿ ಎರಡು ಹೋಳು ಮಾಡಿದರು. "ನೋಡಿ ಅಮ್ಮಾ. ಇದು ಲೋಳೆ. ಈ ಹಸಿರು ಟೋಪಿ. ನಡುವೆ ಬಿಳೀದು ಕಂಬ, ಮಡಚಿ ಇಟ್ಟ ಕೊಡೆ ಹಂಗೆ. ಇಲ್ಲಿ ಹಾವಿಲ್ಲ. ಕಣ್ಣಿಲ್ಲ, ಮೂಳೆಯಿಲ್ಲ, ರಕ್ತ ಇಲ್ಲ."

ಅಕ್ಕ ಬಗ್ಗಿ ನೋಡಿದಳು. ನಿಟ್ಟುಸಿರೊಂದು ಅವಳ ಕಾಲುಗುರಿನಿಂದ ಹೊರಟು ಬಂದಂತಿತ್ತು. "ಅಣಬೆ!" ಎಂದು ಅಳುತ್ತಲೇ ನಗತೊಡಗಿದಳು. ಅಮ್ಮ ಅವಳನ್ನು ತಬ್ಬಿಕೊಂಡಳು. ಸೆಲ್ವಿಯಕ್ಕ ಬೇಲಿ ದಾಟಿಯೇ ಬಂದುಬಿಟ್ಟಳು.

ಸರ್ವಮಂಗಳಮ್ಮ ಮಾತ್ರ ನಗಲಿಲ್ಲ. ಹೋಳನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಲೇ ಇದ್ದರು. ಆಮೇಲೆ ಬೇರೆ ಯಾರದೋ ದನಿಯಲ್ಲಿ ಕೇಳಿದರು. "ಇವು ಮನೆ ಪಾಯ ತೆಗೆಯೋ ಕಡೆ ಬರ್ತಾವಾ? ಹಳೇ ಮರದ ಬೊಡ್ಡೆ ಇದ್ದಲ್ಲಿ?"

"ಬರ್ಬಹುದಮ್ಮ. ಮರ ಕೊಳೀತಾ ಇದ್ರೆ ಬರ್ತಾವೆ."

"ದಾರ ಇತ್ತು" ಎಂದರು ಆಕೆ. "ಹಿಂಗೇ ಬಿಳೀ ದಾರ. ಅದು ಮರಿಯ ಕರುಳಬಳ್ಳಿ ಅಂದ್ರು."

ಆಕೆ ಪಾತಿಯ ಏರಿಯ ಮೇಲೇ, ಇಸ್ತ್ರಿ ಸೀರೆಯಲ್ಲೇ ಕೂತರು. ತಡೆತಡೆದು ಹೇಳಿದರು. ಮದುವೆಯಾದ ಹೊಸತರಲ್ಲಿ ಮನೆ ಕಟ್ಟಲು ಹೊರಟಿದ್ದರಂತೆ. ಯಜಮಾನರೇ ಖುಷಿಯಿಂದ ಮೊದಲ ಹಾರೆ ಹಾಕಿದರಂತೆ. ಹಳೆಯ ಬೊಡ್ಡೆಯ ಬಳಿ ಬಿಳಿ ಮೊಟ್ಟೆಗಳು ಒಡೆದವು. ಆಗ ಆಕೆಯ ಮಡಿಲಲ್ಲಿ ಚೊಚ್ಚಲ ಹೆಣ್ಣುಮಗುವಿತ್ತು. ಮಳೆ ನಿಲ್ಲುವ ಮೊದಲೇ ಮಗು ಜ್ವರದಲ್ಲಿ ಹೋಯಿತು.

"ನಾನು ಅವ್ರಿಗೆ ಅಂದ್ಬಿಟ್ಟೆ. ನಿಮ್ ಕೈಯಿಂದ್ಲೇ ಹೋಯ್ತು ಮಗು ಅಂತ. ಅವ್ರು ಒಂದ್ ಮಾತೂ ತಿರುಗಿ ಆಡ್ಲಿಲ್ಲ. ಅವತ್ತಿಂದ ಆಡೇ ಇಲ್ಲ" ಎಂದು, ಮೇಡಂ ಕಡೆ ಕತ್ತೆತ್ತಿ, "ಅವೂ ಇವೇನಾ?" ಎಂದರು.

ಮೇಡಂ ಸುಳ್ಳು ಹೇಳುವವರಲ್ಲ. "ನೋಡದೆ ಹೇಳ್ಲಾರೆ ಅಮ್ಮಾ. ದಾರ ಇತ್ತು ಅಂದ್ರೆ ಇವೇ ಇರ್ಬೇಕು. ಆದ್ರೆ ಒಂದ್ ಮಾತು. ಅದು ಹಾವಿನ ಮೊಟ್ಟೇನೇ ಆಗಿದ್ರೂ ಜ್ವರ ತರಿಸ್ತಿರ್ಲಿಲ್ಲ."

ಆ ಮಾತು ಆಕೆಗೆ ಕೇಳಿಸಿತೋ ಇಲ್ಲವೋ. ಎದ್ದು ಅಪ್ಪನ ಕಡೆ ನೋಡಿ, "ಬೀಗ್ರೇ, ಒಡೀದೇ ಇರೋದೊಂದು ಕೊಡಿ. ಅವ್ರಿಗೆ ತೋರಿಸ್ಬೇಕು" ಎಂದರು. ಅಪ್ಪ ದಾರ ಕಡಿಯದಂತೆ, ಬೆರಳಿನಲ್ಲೇ ಮಣ್ಣು ಬಿಡಿಸಿ ಮೊಟ್ಟೆಯೊಂದನ್ನು ತೆಗೆದು ಬಾಳೆಲೆಯಲ್ಲಿ ಸುತ್ತಿಕೊಟ್ಟ. ಅಕ್ಕನ ಬ್ಯಾಗು ಜಗಲಿಯಲ್ಲೇ ಉಳಿಯಿತು. ಆಕೆ ಅದರ ಕಡೆ ನೋಡಲೂ ಇಲ್ಲ. ಎಲೆಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು, ಸಂಜೆಯ ಬಸ್ಸಿಗೂ ಕಾಯದೆ ಹೊರಟರು.

ಅಕ್ಕನ ಹೆರಿಗೆ ಸುಸೂತ್ರವಾಯಿತು. ಗಂಡುಮಗು, ಹುಟ್ಟಿದಾಗಿನಿಂದ ಎಲ್ಲರನ್ನೂ ಒದೆಯುವುದೇ ಕೆಲಸ. ಗಾಂಧಿ ಬಜಾರಿನಲ್ಲಿ ಆ ದಿನ ಏನಾಯಿತೆಂಬುದನ್ನು ಬಾಣಂತಿಯನ್ನು ನೋಡಲು ಬಂದ ಭಾವ ಹೇಳಿದರು. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ ಅವರಮ್ಮ ನೇರ ಗಲ್ಲಾದ ಬಳಿ ಬಂದು, ಬಿಚ್ಚಿದ್ದ ಸೀರೆಗಳ ಮೇಲೇ ಎಲೆ ಬಿಡಿಸಿ ಇಟ್ಟರಂತೆ. "ಅಣಬೆಯಂತೆ" ಎಂದರಂತೆ, ಅಷ್ಟೇ. ಅವರಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರಂತೆ. ಬುಡದ ದಾರವನ್ನು ಬೆರಳಿಗೆ ಸುತ್ತಿ ಬಿಡಿಸಿದರಂತೆ. "ಇದೇ ಕಣೇ" ಎಂದರಂತೆ.

ಆಮೇಲೆ ಗಿರಾಕಿಗಳಿಗೆ ಕೈಮುಗಿದು ಹೊರಗೆ ಕಳಿಸಿ, ಮಗನನ್ನೂ ಕಳಿಸಿ, ಒಳಗಿನಿಂದಲೇ ಶಟರ್ ಎಳೆದುಕೊಂಡರಂತೆ. ಭಾವ ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದರಂತೆ. ಒಳಗೆ ಇಬ್ಬರೂ ಮಾತಾಡುತ್ತಿದ್ದುದು ಕೇಳಿಸುತ್ತಿತ್ತು. ಏನೆಂದು ತಿಳಿಯುತ್ತಿರಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಭಾವ, "ಈಗಿಲ್ಲ, ನಾಳೆ ಬನ್ನಿ" ಎಂದು ಕಳಿಸುತ್ತಿದ್ದರಂತೆ.